ಹಕ್ಕಿ, ಪಾತರಗಿತ್ತಿ, ದುಂಬಿ ಮತ್ತು ನಮ್ಮ ಬೇಂದ್ರೆ ಅಜ್ಜ

 

ಈ ಸಲದ ಗೋಡೆ ಪತ್ರಿಕೆಗೆ ಮಹನೀಯರೊಬ್ಬರ ಜೀವನ ಬರೆಯುವ ಪಾಳಿ ನನಗೆ ಬಂದಿದೆ. ನಾನು ವರಕವಿ ದ. ರಾ. ಬೇಂದ್ರೆಯವರನ್ನು ಆರಿಸಿಕೊಂಡಿದ್ದೇನೆ. ಅವರು ಹುಟ್ಟಿದ ತಾರೀಖು, ಪ್ರಶಸ್ತಿ, ಪುಸ್ತಕದ ಹೆಸರು ಎಲ್ಲಾ ನಮಗ ಬಾಯಿಪಾಠ ಐತಿ, ಮತ್ತೇನು ಬರೀತೀ ಅಂತ ನೀವು ಅನ್ನಬಹುದು. ಅವೂ ಬರ್ತಾವ. ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು, ಇಷ್ಟು ದೊಡ್ಡ ಕವಿ ತಮ್ಮ ಕವಿತೆಗೆ ಬೇಕಾದ ಸಾಮಾನು ಎಲ್ಲಿಂದ ತಂದರು ಅನ್ನೋದು. ಅವರು ತಂದದ್ದು ಹಿತ್ತಲದಿಂದ, ಹಾದಿ ಬದಿಯಿಂದ, ಗಿಡದ ಮ್ಯಾಲಿಂದ. ಹಾರುವ ಹಕ್ಕಿ, ಬಣ್ಣದ ಪಾತರಗಿತ್ತಿ, ಗುಂಯ್ ಅನ್ನೋ ದುಂಬಿ. ಇವು ಮೂರೂ ನಮ್ಮ ಹೊಲದಾಗೂ ಅದಾವ. ಹಂಗಾದರ ಅವರಿಗೆ ಕಂಡದ್ದು ನಮಗ್ಯಾಕ ಕಾಣವಲ್ಲದು? ಈ ಪ್ರಶ್ನೆ ಇಟ್ಟುಕೊಂಡೇ ನಾನು ಬರೆಯುತ್ತೇನೆ.

ಬಾಲ್ಯ

ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು 1896ನೇ ಇಸವಿ ಜನವರಿ 31ರಂದು ಧಾರವಾಡದಲ್ಲಿ ಹುಟ್ಟಿದರು. ತಂದೆ ರಾಮಚಂದ್ರ ಭಟ್ಟರು, ತಾಯಿ ಅಂಬಿಕೆ. ಮನಿಯಾಗ ಆಡುತ್ತಿದ್ದ ಮಾತು ಮರಾಠಿ, ಓಣಿಯಾಗ ಕನ್ನಡ. ಇಂಡಿ ಕಡೆಯವರಿಗೆ ಇದೇನು ಹೊಸದಲ್ಲ. ಗಡಿ ಹಳ್ಳಿಗಳಲ್ಲಿ ಎರಡೂ ಭಾಷೆ ಒಂದೇ ಕಟ್ಟಿಮ್ಯಾಲ ಕುಂತು ಮಾತಾಡತಾವ.

ಬೇಂದ್ರೆಯವರು ಇನ್ನೂ ಸಣ್ಣ ಹುಡುಗನಿದ್ದಾಗಲೇ ತಂದೆ ತೀರಿಕೊಂಡರು. ಮನೆ ನಡೆಸುವ ಭಾರ ತಾಯಿಯ ಮೇಲೆ ಬಿತ್ತು. ಆ ತಾಯಿ ಖಾನಾವಳಿ ನಡೆಸಿ, ಮಂದಿಗೆ ಅಡಿಗೆ ಮಾಡಿ ಹಾಕಿ ಮಗನನ್ನು ಓದಿಸಿದಳು. ನಮ್ಮೊಳಗ ಎಷ್ಟೋ ಮಂದಿಯ ಅವ್ವಂದಿರು ಕಳೆ ತೆಗೆಯಾಕ ಹೋಗಿ, ರೊಟ್ಟಿ ಬಡಿದು ಮಾರಿ ನಮಗ ಪಾಟಿಚೀಲ ಕೊಡಿಸ್ಯಾರ. ಅದಕ್ಕ ಈ ತಾಯಿಯ ಕಷ್ಟ ನಮಗ ಲಗೂನ ತಿಳೀತೈತಿ. ಮಗ ಆ ಋಣ ಮರೆಯಲಿಲ್ಲ. ಮುಂದೆ ಕವಿತೆ ಬರೆಯುವಾಗ ಅವರು ಇಟ್ಟುಕೊಂಡ ಹೆಸರು ಅಂಬಿಕಾತನಯದತ್ತ. ಅಂದರೆ ಅಂಬಿಕೆಯ ಮಗ ದತ್ತ. ಕನ್ನಡದ ಒಬ್ಬ ದೊಡ್ಡ ಕವಿಯ ಹೆಸರಿನೊಳಗ ಮೊದಲಿಗೆ ಬರುವುದು ಖಾನಾವಳಿ ನಡೆಸಿದ ಒಬ್ಬ ತಾಯಿಯ ಹೆಸರು ಅನ್ನೋದನ್ನ ನಾವು ನೆನಪಿಡಬೇಕು.

ಓದು ಮತ್ತು ನೌಕರಿ

ಧಾರವಾಡದಲ್ಲಿ 1913ರಲ್ಲಿ ಮೆಟ್ರಿಕ್ ಮುಗಿಸಿ, ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ 1918ರಲ್ಲಿ ಬಿ.ಎ. ಪಾಸಾದರು. ತಿರುಗಿ ಧಾರವಾಡಕ್ಕೇ ಬಂದು ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರರಾದರು. 1919ರಲ್ಲಿ ಲಕ್ಷ್ಮೀಬಾಯಿಯವರ ಜೊತೆ ಮದುವೆಯಾಯಿತು. 1922ರಲ್ಲಿ 'ಕೃಷ್ಣಾಕುಮಾರಿ' ಎಂಬ ಮೊದಲ ಪುಸ್ತಕ ಬಂತು. ಅದೇ ಹೊತ್ತಿನಲ್ಲಿ ಕನ್ನಡದ ಹುಚ್ಚಿದ್ದ ಹುಡುಗರನ್ನು ಕೂಡಿಸಿಕೊಂಡು 'ಗೆಳೆಯರ ಗುಂಪು' ಕಟ್ಟಿದರು. ಊರ ಹೊರಗೆ ತಿರುಗಾಡಿ ಬರೋದು, ಗಿಡದ ಕೆಳಗೆ ಕೂಡೋದು, ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ಹೇಳೋದು, ಇದು ಆ ಗುಂಪಿನ ಕೆಲಸ.

ಆಗಿನ ಕಾಲದಲ್ಲಿ ಕವಿತೆ ಅಂದರೆ ಹಳಗನ್ನಡದ ಬಿಗಿಯಾದ ಮಾತಿನಲ್ಲಿ, ರಾಜರ ಕಥೆ, ಪುರಾಣದ ಕಥೆ ಬರೆಯೋದು ಅಂತ ಬಹಳ ಮಂದಿ ತಿಳಿದಿದ್ದರು. ಬೇಂದ್ರೆಯವರು ಓಣಿಯ ಮಾತು ಎತ್ತಿಕೊಂಡರು. ಹಿತ್ತಲದ ಹುಳ, ಹಕ್ಕಿ ಎತ್ತಿಕೊಂಡರು. ಅದೇ ಅವರ ಧೈರ್ಯ.

ಹಕ್ಕಿಯೊಳಗೆ ಕಾಲ ಕಂಡದ್ದು

'ಹಕ್ಕಿ ಹಾರುತಿದೆ ನೋಡಿದಿರಾ' ಎಂಬ ಪದ್ಯ ನಮ್ಮ ಶಾಲೆಯ ಪಠ್ಯದಲ್ಲೂ ಬಂದದ್ದು. ಅದು 1932ರಲ್ಲಿ ಪ್ರಕಟವಾದ 'ಗರಿ' ಎಂಬ ಪುಸ್ತಕದಲ್ಲಿದೆ. ಪುಸ್ತಕದ ಹೆಸರೇ ಹಕ್ಕಿಯ ಪುಕ್ಕ ಅನ್ನೋದನ್ನ ಗಮನಿಸಿರಿ.

ಈ ಪದ್ಯ ಒಂದು ಒಗಟು ಇದ್ದಂಗ ಐತಿ. ಯಾವ ಹಕ್ಕಿ ಅಂತ ಕವಿ ಬಿಡಿಸಿ ಹೇಳುವುದಿಲ್ಲ. ಅದರ ಬಣ್ಣ ಹೇಳತಾರ. ಕರಿ, ಬಿಳಿ, ಕೆಂಪು, ಬಂಗಾರ. ಇರುಳು, ಹಗಲು, ಬೆಳಗು, ಸಂಜೆ ಇವೇ ಆ ಬಣ್ಣಗಳು ಅಂತ ನಮಗೆ ಆಮೇಲೆ ಹೊಳೆಯುತ್ತದೆ. ಕಣ್ಣೆವೆ ಬಡಿಯೋದರೊಳಗ ಹಾರಿ ಮುಂದಕ್ಕೆ ಹೋಗುವ ಆ ಹಕ್ಕಿ ಅಂದರೆ ಕಾಲ.

ಆ ಪದ್ಯದಲ್ಲಿ ಒಂದು ಮಾತು ನಮ್ಮ ಕಡಿಯವರಿಗೆ ಬೇರೆಯವರಿಗಿಂತ ಚಲೋ ತಿಳೀತೈತಿ. ಜೋಳದ ತೆನಿ ಹಾಲುಗಾಳು ಕಟ್ಟಿದಾಗ ನಾವೆಲ್ಲ ಹಕ್ಕಿ ಕಾಯಾಕ ಹೋಗತೀವಿ. ಅಟ್ಟದ ಮ್ಯಾಲ ನಿಂತು ಕವಣಿ ಬೀಸತೀವಿ, ಖಾಲಿ ಡಬ್ಬಿ ಬಡೀತೀವಿ. ಎಷ್ಟು ಹೊಡೆದರೂ ಗುಬ್ಬಿ, ಗಿಣಿ ಹಿಂಡು ಹಿಂಡಾಗಿ ಬಂದು ತೆನಿ ಖಾಲಿ ಮಾಡತಾವ. ಬೇಂದ್ರೆಯವರ ಹಕ್ಕಿ ಜೋಳದ ತೆನಿ ತಿನ್ನೋದಿಲ್ಲ. ರಾಜ್ಯಗಳನ್ನೇ ತೆನಿಯಂಗ ಒಕ್ಕತೈತಿ. ಕಣದಾಗ ರಾಶಿ ಮಾಡೋದು ಕಂಡವರಿಗೆ ಇದರ ಅರ್ಥ ಯಾರೂ ಹೇಳಬೇಕಾಗಿಲ್ಲ. ನಮ್ಮ ವಿಜಯಪುರವನ್ನೇ ನೋಡ್ರಿ. ಸುಮಾರು 200 ವರ್ಷ ಆಳಿದ ಆದಿಲಶಾಹಿ 1686ರಲ್ಲಿ ಮುಗಿದುಹೋಯಿತು. ಗೋಳಗುಮ್ಮಟ ಉಳಿದೈತಿ, ಅದರೊಳಗ ಪಾರಿವಾಳ ಗೂಡು ಕಟ್ಟ್ಯಾವ. ಕಾಲದ ಹಕ್ಕಿ ಒಕ್ಕಿ ಬಿಟ್ಟ ತೆನಿ ಹೆಂಗಿರತೈತಿ ಅಂತ ನೋಡಬೇಕಾದರ ನಮ್ಮ ಜಿಲ್ಲೆ ಬಿಟ್ಟು ಹೋಗಬೇಕಾಗಿಲ್ಲ.

ಆ ಹಕ್ಕಿ ಅಷ್ಟಕ್ಕೇ ನಿಲ್ಲುವುದಿಲ್ಲ. ಚಂದ್ರನನ್ನು ಮುಟ್ಟಿ, ಮಂಗಳ ಗ್ರಹದ ಬಾಗಿಲಿಗೂ ಹೋಗತೈತಿ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ. ನಮ್ಮ ದೇಶದ ಮಂಗಳಯಾನ ಮಂಗಳನ ಕಕ್ಷೆ ಸೇರಿದ್ದು 2014ರಲ್ಲಿ, ಚಂದ್ರಯಾನ-3 ಚಂದ್ರನ ಮೇಲೆ ಇಳಿದದ್ದು 2023ರಲ್ಲಿ. ಧಾರವಾಡದ ಒಬ್ಬ ಮಾಸ್ತರರು ಎಷ್ಟೋ ಮೊದಲೇ ಒಂದು ಹಕ್ಕಿಯನ್ನು ಅಲ್ಲಿಗೆ ಹಾರಿಸಿದ್ದರು.

ಪುಕ್ಕದ ವರುಷ, ಜೇಲಿನ ವರುಷ

'ಗರಿ' ಪುಸ್ತಕ ಬಂದ 1932ನೇ ಇಸವಿಯಲ್ಲೇ ಬೇಂದ್ರೆಯವರ ಬಾಳಿನಲ್ಲಿ ದೊಡ್ಡ ಕಷ್ಟ ಬಂತು. 'ನರಬಲಿ' ಎಂಬ ಅವರ ಪದ್ಯ ರಾಜದ್ರೋಹ ಅಂತ ಬ್ರಿಟಿಷ್ ಸರಕಾರ ತೀರ್ಮಾನಿಸಿತು. ಅವರನ್ನು ಬೆಳಗಾವಿಯ ಹಿಂಡಲಗಿ ಜೇಲಿಗೆ ಹಾಕಿದರು. ಆಮೇಲೆ ಧಾರವಾಡದ ಹತ್ತಿರದ ಮುಗದ ಎಂಬ ಹಳ್ಳಿಯಲ್ಲಿ ಕಣ್ಗಾವಲಿನೊಳಗೆ ಇಟ್ಟರು. ಅತ್ತ ಪುಸ್ತಕದ ಹೆಸರು ಪುಕ್ಕ, ಇತ್ತ ಬರೆದವರು ಪಂಜರದಾಗ. ನನಗೆ ಇದನ್ನು ಓದಿದಾಗ ಬಹಳ ಹೊತ್ತು ಬೇರೆ ಏನೂ ಓದಲಿಕ್ಕೆ ಮನಸ್ಸಾಗಲಿಲ್ಲ.

ಬಿಡುಗಡೆಯಾದ ಮೇಲೂ ಅವರಿಗೆ ವರ್ಷಗಟ್ಟಲೆ ಕಾಯಂ ನೌಕರಿ ಸಿಗಲಿಲ್ಲ. ಮನಿಯಾಗ ಬಡತನ. ಅದಕ್ಕಿಂತ ದೊಡ್ಡ ದುಃಖ ಎಂದರೆ, ಹುಟ್ಟಿದ ಮಕ್ಕಳಲ್ಲಿ ಹಲವರನ್ನು ಆ ದಂಪತಿ ತಮ್ಮ ಕಣ್ಣೆದುರಿಗೇ ಕಳೆದುಕೊಂಡರು. 'ನೀ ಹೀಂಗ ನೋಡಬ್ಯಾಡ ನನ್ನ' ಎಂಬ ಪದ್ಯ ಆ ದುಃಖದೊಳಗಿಂದಲೇ ಬಂದದ್ದು. ಇಷ್ಟೆಲ್ಲ ಅನುಭವಿಸಿದ ಮನುಷ್ಯ ಲೋಕದ ಮ್ಯಾಲ ಸಿಟ್ಟಾಗಿ ಕೂಡಬಹುದಾಗಿತ್ತು. ಇವರು ಕೂಡಲಿಲ್ಲ. ಅಳುವುದನ್ನೂ ಬರೆದರು, ಮತ್ತೆ ಬೆಳಗಾದಾಗ ಹಕ್ಕಿ ಕೂಗಿದ್ದನ್ನೂ ಬರೆದರು. 'ಬೆಳಗು' ಎಂಬ ಪದ್ಯ 1967ರ 'ಬೆಳ್ಳಿಮೋಡ' ಸಿನಿಮಾದಿಂದ ಮನೆಮನೆಗೂ ಗೊತ್ತಾಗಿದೆ. ಅದರಲ್ಲಿ ಅವರಿಗೆ ಗಿಡಗಂಟಿಗಳಿಗೇ ಕೊರಳು ಬಂದು, ಹಕ್ಕಿಯ ದನಿಯಲ್ಲಿ ಹಾಡಿದಂಗ ಕೇಳಿಸುತ್ತದೆ. ಮುಂಜಾನೆ ಮಬ್ಬಿನಲ್ಲಿ ಚರಿಗೆ ಹಿಡಕೊಂಡು ಹೊಲದ ಕಡೆ ಹೋದವರಿಗೆ ಇದು ಖರೆ ಅನ್ನಿಸತೈತಿ. ಆ ಹೊತ್ತಿನಲ್ಲಿ ಹಕ್ಕಿ ಕಾಣೋದಿಲ್ಲ, ಬೇವಿನ ಗಿಡವೇ ಚಿಲಿಪಿಲಿ ಅಂತಿರತೈತಿ.

ಪಾತರಗಿತ್ತಿ ಮತ್ತು ನಮ್ಮ ಆಯಿಯ ಹಚ್ಚಿ

ಈಗ 'ಪಾತರಗಿತ್ತಿ ಪಕ್ಕ'ದ ಮಾತು. ಒಂದನೇ ಇಯತ್ತೆಯ ಮಕ್ಕಳೂ ಇದನ್ನು ಕುಣಿಕುಣಿದು ಹಾಡತಾರ. ಆದರೆ ಪಕ್ಕ ಅಂದರೆ ಬಾಜೂಕ ಅಂತ ಬಹಳ ಹುಡುಗರು ತಿಳಕೊಂಡಿರತಾರ. ಇಲ್ಲಿ ಪಕ್ಕ ಅಂದರೆ ರೆಕ್ಕೆ. ಪಾತರ ಅಂದರೆ ಕುಣಿಯುವವಳು. ಪುಸ್ತಕದಾಗ ಚಿಟ್ಟೆ ಅಂತ ಇರತೈತಿ, ನಮ್ಮ ಮನಿಯಾಗ ಪಾತರಗಿತ್ತಿ ಅಂತೀವಿ. ಬೇಂದ್ರೆಯವರು ಮನಿಯ ಹೆಸರನ್ನೇ ಇಟ್ಟರು.

ಆ ಪದ್ಯದಲ್ಲಿ ಪಾತರಗಿತ್ತಿಯ ರೆಕ್ಕೆ ಹ್ಯಾಂಗೈತಿ ಅಂತ ಹೇಳಲಿಕ್ಕೆ ಅವರು ರತ್ನ, ವಜ್ರ ಅಂತ ದೂರದ ವಸ್ತು ಹುಡುಕಲಿಲ್ಲ. ಹಸರು ಹಚ್ಚಿ, ಅರಿಷಿಣ, ಕುಂಕುಮ, ಕಾಡಿಗಿ. ಅಷ್ಟೇ. ಹಬ್ಬದ ದಿನ ನಮ್ಮ ಹೆಣ್ಣುಮಕ್ಕಳು ಅಲಂಕಾರಕ್ಕ ಇಟ್ಟುಕೊಳ್ಳುವ ಸಾಮಾನುಗಳೇ ಅವು. ನಮ್ಮ ಆಯಿಯ ಮುಂಗೈ ಮ್ಯಾಲ ಹಸರು ಹಚ್ಚಿ ಐತಿ. ಸಣ್ಣವಳಿದ್ದಾಗ ಜಾತ್ರಿಯಾಗ ಹಾಕಿಸಿಕೊಂಡದ್ದಂತ. ಅದು ಹಳೇ ಕಾಲದ್ದು, ಚಂದ ಇಲ್ಲ ಅಂತ ನಾವು ಈಗಿನ ಹುಡುಗಿಯರು ನಗತೀವಿ. ಬೇಂದ್ರೆಯವರಿಗೆ ಅದೇ ಹಚ್ಚಿ ಪಾತರಗಿತ್ತಿಯ ರೆಕ್ಕೆಯ ಮ್ಯಾಲ ಕಂಡಿತು. ಇದನ್ನು ಓದಿದ ದಿನದಿಂದ ಆಯಿಯ ಕೈ ನೋಡಿದರ ನನಗ ಪಾತರಗಿತ್ತಿ ನೆನಪಾಗತೈತಿ.

ಆ ರೆಕ್ಕೆ ರೇಷ್ಮೆಯಂಗ ನಯ, ಮುಟ್ಟಲಿಕ್ಕೆ ಹೆದರಿಕೆ ಅನ್ನುವ ಭಾವವೂ ಆ ಪದ್ಯದಲ್ಲಿದೆ. ವಿಜ್ಞಾನವೂ ಅದನ್ನೇ ಹೇಳತೈತಿ. ಪಾತರಗಿತ್ತಿಯ ರೆಕ್ಕೆಯ ಮ್ಯಾಲ ಕಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣ ಹುರುಪೆಗಳು ಮನೆಯ ಹಂಚಿನಂಗ ಸಾಲಾಗಿ ಕುಂತಿರತಾವ. ಬಣ್ಣ ಇರೋದು ಅವುಗಳಲ್ಲೇ. ಹಿಡಿದಾಗ ನಮ್ಮ ಬೆರಳಿಗೆ ಹತ್ತುವ ಪುಡಿ ಅದೇ. ಒಮ್ಮೆ ಉದುರಿದರೆ ಮತ್ತೆ ಬೆಳೆಯುವುದಿಲ್ಲ. ಕವಿಗೆ ಮುಟ್ಟದೇ ತಿಳಿದದ್ದು ನಮಗ ಹಿಡಿದು ಹಾಳು ಮಾಡಿದ ಮ್ಯಾಲ ತಿಳೀತೈತಿ.

ಆ ಪಾತರಗಿತ್ತಿ ಬರೀ ತೋಟದ ಗುಲಾಬಿಯ ಮ್ಯಾಲ ಕೂಡುವಂಥದ್ದಲ್ಲ. ಹಾದಿ ಬದಿಯ, ಹೆಸರು ಕೇಳಿದವರೂ ಕಡಿಮೆ ಇರುವ ಗಿಡಗಂಟಿಗಳ ಹೂವಿಗೂ ಹೋಗತೈತಿ. ಇದೂ ಖರೇನ. ನಮ್ಮ ಹಾಳು ಭೂಮಿಯಲ್ಲಿ ಬೆಳೆಯುವ ಎಕ್ಕಿ ಗಿಡದ ಎಲಿ ದನ ತಿನ್ನೋದಿಲ್ಲ. ಆದರೆ ಅದೇ ಎಲಿ ತಿಂದು ಬೆಳೆದ ಪಟ್ಟೆ ಪಟ್ಟೆ ಹುಳ ಮುಂದ ಕಿತ್ತಳೆ ಬಣ್ಣದ ಚಂದನ್ನ ಪಾತರಗಿತ್ತಿ ಆಗತೈತಿ. ಯಾವುದಕ್ಕೂ ಬಾರದ ಗಿಡ ಅಂತ ನಾವು ಅಂದದ್ದು ಅದಕ್ಕೆ ತವರುಮನಿ.

ದುಂಬಿಯ ಗುಂಗು

ಮೂರನೆಯದು ದುಂಬಿ. ಕವಿತೆ ಹ್ಯಾಂಗ ಹುಟ್ಟತೈತಿ ಅನ್ನುವುದರ ಮ್ಯಾಲೇ ಬೇಂದ್ರೆಯವರದು ಒಂದು ಪದ್ಯ ಐತಿ. ಅದರಲ್ಲಿ ಕಲ್ಪನೆ ಬರುವುದು ದುಂಬಿಯ ಬೆನ್ನ ಮ್ಯಾಲ ಹತ್ತಿಕೊಂಡು. ನಮ್ಮ ದೇವರಿಗೆಲ್ಲ ವಾಹನ ಅದಾವ. ಶಿವನಿಗೆ ನಂದಿ, ಸರಸ್ವತಿಗೆ ಹಂಸ, ಗಣಪತಿಗೆ ಇಲಿ. ಕವಿತೆಗೆ ವಾಹನ ಯಾವುದು ಅಂತ ಕೇಳಿದರ ಬೇಂದ್ರೆಯವರು ದುಂಬಿಯನ್ನು ತೋರಿಸತಾರ. ಅದರ ಗುಂಯ್ ಅನ್ನುವ ದನಿ ಓಂಕಾರಕ್ಕಿಂತ ಒಂದಿಷ್ಟೇ ಕಡಿಮೆ ಅನ್ನುವಷ್ಟು ದೊಡ್ಡದಾಗಿ ಅವರಿಗೆ ಕೇಳಿಸಿತು.

ನಮ್ಮ ಮಾತಿನೊಳಗೂ ಇದು ಐತಿ. ಒಂದು ಹಾಡು ತಲಿಯಾಗ ಹೊಕ್ಕು ದಿನವೆಲ್ಲ ಬಿಡದಿದ್ದರ ಅದರ ಗುಂಗು ಹಿಡಿದೈತಿ ಅಂತೀವಿ. ಬೇಂದ್ರೆಯವರ ಪದ್ಯಗಳಲ್ಲಿ ಅರ್ಥಕ್ಕಿಂತ ಮೊದಲು ನಾದ ಬರೋದು ಹಿಂಗ. ಮೊದಲು ಗುಂಗು ಹಿಡೀತೈತಿ, ಅರ್ಥ ಹಿಂದಿನಿಂದ ಸಾವಕಾಶ ಬರತೈತಿ. ಜೇನುನೊಣ ಒಂದು ಸೆಕೆಂಡಿಗೆ 200ಕ್ಕೂ ಹೆಚ್ಚು ಸಲ ರೆಕ್ಕೆ ಬಡೀತೈತಿ. ನಮಗ ಕೇಳುವ ಗುಂಯ್ ಆ ಬಡಿತದ್ದೇ. ಸೂರ್ಯಕಾಂತಿ ಹೂ ಬಿಟ್ಟಾಗ ಹೊಲದ ಬದುವಿನ ಮ್ಯಾಲ ನಿಂತು ಕೇಳ್ರಿ, ಇಡೀ ಹೊಲವೇ ತಂಬೂರಿ ಆಗಿರತೈತಿ.

ಇಂಡಿ ಸೀಮೆಯ ನಂಟು

ಬೇಂದ್ರೆಯವರು ಧಾರವಾಡದವರು, ನಮಗೇನು ಸಂಬಂಧ ಅಂತ ಯಾರೂ ಅನ್ನಬಾರದು. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ (1903-1953), ಸಿಂಪಿ ಲಿಂಗಣ್ಣ, ಪಿ. ಧೂಲಾ, ಕಾಪಸೆ ರೇವಪ್ಪ ಎಂಬ ಗೆಳೆಯರಿದ್ದರು. ಇವರನ್ನು ಹಲಸಂಗಿ ಗೆಳೆಯರು ಅಂತಲೇ ಕರೆಯುತ್ತಾರೆ. ಬೀಸುವಾಗ, ಕುಟ್ಟುವಾಗ ನಮ್ಮ ಹೆಣ್ಣುಮಕ್ಕಳು ಹಾಡುತ್ತಿದ್ದ ಹಾಡುಗಳನ್ನು ಕೂಡಿಸಿ ಇವರು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಬೇಂದ್ರೆಯವರಿಗೂ ಈ ಗೆಳೆಯರಿಗೂ ಬಹಳ ಸ್ನೇಹ. ನಮ್ಮ ಅವ್ವಂದಿರ ಹಾಡಿನೊಳಗೂ ಗಿಣಿ, ನವಿಲು, ಕೋಗಿಲಿ ಬರತಾವ. ತವರಿಗೆ ಸುದ್ದಿ ಒಯ್ಯುವುದು ಹಕ್ಕಿಯೇ. ಓದು ಬರಹ ಬಾರದ ಅವರು ಬೀಸುವ ಕಲ್ಲಿನ ಮುಂದ ಕುಂತು ಮಾಡಿದ್ದನ್ನೇ ಬೇಂದ್ರೆಯವರು ಬರೆವಣಿಗೆಯಲ್ಲಿ ಮಾಡಿದರು ಅಂತ ನನಗ ಅನ್ನಿಸತೈತಿ.

ಇನ್ನೊಂದು ನಂಟು ಸೊಲ್ಲಾಪುರದ್ದು. 1944ರಿಂದ 1956ರವರೆಗೆ ಬೇಂದ್ರೆಯವರು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಇಂಡಿಯವರಿಗೆ ಸೊಲ್ಲಾಪುರ ಅಂದರೆ ಸಂತಿ ಪ್ಯಾಟಿ ಇದ್ದಂಗ. ಧಾರವಾಡದ ಕಡೆಯಿಂದ ಸೊಲ್ಲಾಪುರಕ್ಕೆ ಹೋಗುವ ರೈಲಿನ ದಾರಿ ಗದಗ, ಬಾಗಲಕೋಟೆ, ವಿಜಯಪುರ, ಇಂಡಿ ರೋಡ್ ಸ್ಟೇಶನ್ ಮ್ಯಾಲೇ ಹಾದು ಹೋಗತೈತಿ.

ಮುಂದಿನ ದಿನಗಳು

1943ರಲ್ಲಿ ಶಿವಮೊಗ್ಗೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 'ಅರಳು ಮರಳು' ಕೃತಿಗೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1968ರಲ್ಲಿ ಪದ್ಮಶ್ರೀ. 'ನಾಕು ತಂತಿ'ಗೆ 1973ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ. ಧಾರವಾಡದ ಸಾಧನಕೇರಿಯಲ್ಲಿ ಕೆರೆಯ ಸಮೀಪ ಅವರ ಮನೆ ಇದೆ. 1981ರ ಅಕ್ಟೋಬರ್ 26ರಂದು ಮುಂಬಯಿಯಲ್ಲಿ ಅವರು ತೀರಿಕೊಂಡರು. ದೀಪಾವಳಿಯ ಹೊತ್ತು ಅದು. ಸಾಧನಕೇರಿಯಲ್ಲಿ ಈಗ ಅವರ ನೆನಪಿಗೆ ಬೇಂದ್ರೆ ಭವನ ಕಟ್ಟಿದ್ದಾರೆ. ನಮ್ಮ ಶಾಲೆಯಿಂದ ಪ್ರವಾಸ ಹೋಗುವುದಾದರೆ ಗುರುಗಳು ಅಲ್ಲಿಗೂ ಕರೆದುಕೊಂಡು ಹೋಗಬೇಕೆಂದು ಈ ಮೂಲಕ ವಿನಂತಿ.

ನಾವು ತಿಳಿಯಬೇಕಾದದ್ದು

ನಮ್ಮ ವರ್ಗದ ಕೆಲವರು ದಸರೆ ಮುಗಿದ ಮ್ಯಾಲ ಅವ್ವ ಅಪ್ಪನ ಜೋಡಿ ಕಬ್ಬು ಕಡಿಯಾಕ, ಕಟ್ಟಡದ ಕೆಲಸಕ್ಕ ದೂರ ಹೋಗತಾರ. ಬಾಕಿನ ಮ್ಯಾಲ ಅವರ ಜಾಗ ಖಾಲಿ ಉಳೀತೈತಿ. ತಿರುಗಿ ಬಂದವರು ಹೇಳೋದುಂಟು, ಪ್ಯಾಟಿಯಾಗ ಮಂದಿ ನಮ್ಮ ಮಾತು ಕೇಳಿ ನಗತಾರ ಅಂತ. ಐತಿ, ಹೋಗತಾವ, ಬ್ಯಾಡ ಅನ್ನೋದು ಹಳ್ಳಿ ಮಾತು, ಶುದ್ಧ ಅಲ್ಲ ಅಂತಾರಂತ. ಅಂಥವರಿಗೆ ನಾವು ಜಗಳ ಮಾಡಬೇಕಾಗಿಲ್ಲ. ಜ್ಞಾನಪೀಠ ಪಡೆದ ಕವಿಯೊಬ್ಬರು ಇದೇ ಮಾತಿನಲ್ಲಿ ಬರೆದಿದ್ದಾರೆ ಅಂತ ತಿಳಿಸಿ ಹೇಳಿದರ ಸಾಕು. ಪರೀಕ್ಷೆಗೆ ಗ್ರಂಥದ ಭಾಷೆ ಕಲಿಯಲೇಬೇಕು, ಕಲಿಯೋಣ. ಮನಿಯ ಮಾತಿಗೆ ನಾಚಿಕೊಳ್ಳೋದು ಬ್ಯಾಡ.

ಹಕ್ಕಿ ಹುಳಗಳ ಮಾತೂ ಹಂಗ. ಮ್ಯಾಳಿಗಿ ಮನಿ ಕೆಡವಿ ಸ್ಲ್ಯಾಬಿನ ಮನಿ ಕಟ್ಟಿದಂಗ ಜಂತಿಯೊಳಗ ಗೂಡು ಕಟ್ಟುತ್ತಿದ್ದ ಗುಬ್ಬಿಗೆ ಜಾಗ ಇಲ್ಲದಂಗ ಆಗೈತಿ. ಜೀರುಂಡಿಗೆ ದಾರ ಕಟ್ಟಿ ಹಾರಿಸೋದು, ಗೂಡಿನೊಳಗಿನ ತತ್ತಿ ತೆಗೆಯೋದು ನಮಗ ಆಟ. ಅದರ ಬದಲು ಒಂದು ದಿನ ಸುಮ್ಮನ ಕುಂತು ನೋಡಿದರ ಏನಾಗತೈತಿ ಅಂತ ಬೇಂದ್ರೆಯವರ ಜೀವನ ಹೇಳತೈತಿ. ಅವರ ಹತ್ತಿರ ದುಡ್ಡು ಇರಲಿಲ್ಲ, ನೌಕರಿ ಹೋಗಿತ್ತು, ಮಕ್ಕಳನ್ನು ಕಳೆದುಕೊಂಡಿದ್ದರು. ನೋಡುವ ಕಣ್ಣು, ಕೇಳುವ ಕಿವಿ ಮಾತ್ರ ಯಾರೂ ಕಸಿದುಕೊಳ್ಳಲಿಕ್ಕೆ ಆಗಲಿಲ್ಲ. ಅವು ನಮಗೂ ಅದಾವ.

ಕಡೆಯದಾಗಿ ಒಂದು ಕೆಲಸ. ಈ ಬರಹದ ಕೆಳಗೆ ಒಂದು ಖಾಲಿ ಹಾಳಿ ಅಂಟಿಸಿದ್ದೇನೆ. ನೀವು ಈ ತಿಂಗಳು ಕಂಡ ಒಂದು ಹಕ್ಕಿ ಅಥವಾ ಒಂದು ಹುಳದ ಹೆಸರು ಅದರಲ್ಲಿ ಬರೆಯಿರಿ. ಪುಸ್ತಕದ ಹೆಸರು ಬೇಡ. ನಿಮ್ಮ ಆಯಿ, ಮುತ್ಯಾ, ಅವ್ವ ಅದಕ್ಕೆ ಏನಂತ ಕರೀತಾರೋ ಅದೇ ಹೆಸರು ಬರೆಯಿರಿ. ಎಲ್ಲಿ ಕಂಡಿತು, ಏನು ಮಾಡುತ್ತಿತ್ತು, ಹ್ಯಾಂಗ ಕೂಗಿತು ಅಂತ ಎರಡು ಸಾಲು ಸಾಕು. ಸಿಂದಗಿ, ಮುದ್ದೇಬಿಹಾಳ ಕಡೆಗೆ ಬೀಗರ ಊರಿಗೆ ಹೋದವರು ಅಲ್ಲಿಯದನ್ನೂ ಬರೆಯಬಹುದು. ಬಸವನ ಬಾಗೇವಾಡಿ ಕಡೆ ಹೋದವರು ಚಳಿಗಾಲದಾಗ ಆಲಮಟ್ಟಿ ಹಿನ್ನೀರಿಗೆ ಬರುವ ಹಕ್ಕಿ ನೋಡಿ ಬರ್ರಿ. ಕಬ್ಬಿನ ಗದ್ದಿಗೆ ಹೋದ ಗೆಳೆಯರು ಬಂದ ಮ್ಯಾಲ ಬರೆಯಲಿ. ಅವರಿಗಾಗಿ ಹಾಳಿಯ ಕೆಳಗಿನ ಅರ್ಧ ಜಾಗ ಬಿಟ್ಟಿದ್ದೇನೆ, ಅಲ್ಲಿ ಯಾರೂ ಬರೆಯಬೇಡಿರಿ.

ಎಲ್ಲರ ಹಾಳಿ ತುಂಬಿದ ಮ್ಯಾಲ ಮುಂದಿನ ಸಂಚಿಕೆಯಲ್ಲಿ ಆ ಹೆಸರುಗಳನ್ನೆಲ್ಲ ಕೂಡಿಸಿ ಬರೆಯುತ್ತೇನೆ.

ಇತಿ ನಿಮ್ಮ ಸಹಪಾಠಿ,
10ನೇ ಇಯತ್ತೆಯ ವಿದ್ಯಾರ್ಥಿನಿ